ಎಂಟು ಡಬ್ಬಿ, ಮೂರು ಒಂಟೆ, ಒಬ್ಬರು ಬೀಗಿತಿ

ಡಬ್ಬಿಗಳು ಬಂದ ದಿನವೇ ಬೀಗಿತಿಯೂ ಬಂದರು. ಡಬ್ಬಿ ಎಂಟು, ಬೀಗಿತಿ ಒಬ್ಬರು. ಆದರೂ ಮುಂದಿನ ಹನ್ನೆರಡು ದಿನ ಮನೆಯೆಲ್ಲ ತುಂಬಿಕೊಂಡಂತೆ ನನಗೆ ಕಂಡದ್ದು ಬೀಗಿತಿಯೇ. ಹೊಟ್ಟೆಕಿಚ್ಚನ್ನು ಮುಚ್ಚಿಟ್ಟುಕೊಂಡು ಬರೆಯಲು ಹೋದರೆ ಇದರಲ್ಲಿ ಬರೆಯುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಕೊಳ್ಳೇಗಾಲದಲ್ಲಿ ನಮ್ಮದು ಸೀರಿಯಲ್ ಸೆಟ್ಟು, ಲೈಟಿಂಗ್ಸಿನ ಅಂಗಡಿ. ಅಂಗಡಿಯ ಹಿಂದೆ ರೇಷ್ಮೆ ಮಗ್ಗ. ಮಗ್ಗದ ಕೆಲಸ ತವರಿನದು, ಲೈಟಿನ ಕೆಲಸ ಗಂಡನ ಮನೆಯದು. ಎರಡೂ ನನ್ನ ಕೈಗೆ ಹತ್ತಿವೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕನ್ನಡ ಓದುತ್ತೇನೆ, ನಂಬರು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಬೀಗಿತಿ ಎಂದರೆ ನನ್ನ ಮಗಳ ಅತ್ತೆ, ಯಳಂದೂರಿನಲ್ಲಿ ಟೀಚರಾಗಿ ನಿವೃತ್ತಿಯಾದವರು. ಇಬ್ಬರಿಗೂ ಸೇರಿ ಇರುವುದು ಒಬ್ಬಳೇ ಮೊಮ್ಮಗಳು. ಅವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ನನ್ನನ್ನು ಅಜ್ಜಿ ಅನ್ನುತ್ತಾಳೆ, ಅವರನ್ನು ಮಿಸ್ಸಜ್ಜಿ ಅನ್ನುತ್ತಾಳೆ. ಬರೀ ಅಜ್ಜಿಗಿಂತ ಮಿಸ್ಸಜ್ಜಿ ಒಂದಕ್ಷರ ಜಾಸ್ತಿ ಎಂಬುದನ್ನೂ ನಾನು ಎಣಿಸಿದ್ದೇನೆ.

ಮಾರ್ಟಳ್ಳಿಯ ಚರ್ಚಿನ ಕ್ರಿಸ್‌ಮಸ್ ಲೈಟಿಂಗ್ಸು ಪ್ರತಿ ವರ್ಷ ನಮ್ಮದೇ. ನಮ್ಮಲ್ಲಿ ಒಂದು ಮರದ ರೋಲರ್ ಇದೆ. ಅದರ ಮೈಮೇಲೆ ತಾಮ್ರದ ಪಟ್ಟಿ ಹೊಡೆದಿದೆ. ಮೋಟಾರು ಅದನ್ನು ತಿರುಗಿಸಿದ ಹಾಗೆ ಹಲಗೆಯ ಮೇಲಿನ ನಕ್ಷತ್ರ ಹತ್ತಿ ಆರುತ್ತದೆ. ಈ ಸಲ ಡಿಸೆಂಬರ್ ಹುಟ್ಟುತ್ತಲೇ ಚರ್ಚ್ ಕಮಿಟಿಯ ಹಿರಿಯರು ಅಂಗಡಿಗೆ ಬಂದರು.

"ಅಮ್ಮಾ, ಈ ಸಾರಿ ಆ ರೋಲರ್ ವೇಂಡಾಮ್ಮಾ, ಬ್ಯಾಡ. ಊರ್ ಐಕ್ಳೆಲ್ಲ ಮೊಬೈಲ್‌ನಲ್ಲಿ ನೋಡ್ಬುಟ್ಟವ್ರೆ. ಆಡಿಗೆ ತಕ್ಕಂಗೆ ಲೈಟು ಕುಣೀಬೇಕಂತೆ. ನಿಮ್ಮಿಂದ ಆಗಾಕಿಲ್ಲ ಅಂದ್ರೆ ಏಳ್ಬುಡಿ, ಅನೂರ್ ಪಾರ್ಟಿ ಒಂದು ಕೇಳ್ತಾ ಅದೆ."

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ನನ್ನ ಮೊಮ್ಮಗಳು ಎಂಜಲು ಕೈಯಲ್ಲೇ ಎದ್ದು ಬಂದಳು. "ಆಗ್ತದೆ ತಾತ. ನಕ್ಷತ್ರ ಮುಂದೆ, ಬಾಲಯೇಸುನ ನೋಡೋಕೆ ಹೊರಟ ಮೂರು ರಾಜರ ಒಂಟೆ ಹಿಂದೆ. ಹಬ್ಬದ ಹಿಂದಿನ ದಿನ ಸಾಯಂಕಾಲ ಗಂಟೆ ಹೊಡೆದ ತಕ್ಷಣ ಒಂಟೆ ನಡೀತವೆ, ನೋಡ್ತಿರಿ" ಅಂದಳು.

ಹತ್ತೊಂಬತ್ತು ವರ್ಷದ ಹುಡುಗಿ ಆ ಹಿರಿಯರ ಕಣ್ಣಲ್ಲಿ ಕಣ್ಣಿಟ್ಟು ಮಾತು ಕೊಟ್ಟುಬಿಟ್ಟಳು! ನನ್ನ ಎದೆ ಉಬ್ಬಿ ರವಿಕೆಯ ಗುಂಡಿ ಕಿತ್ತು ಬರುವುದೊಂದು ಬಾಕಿ. ಅವರು ಅತ್ತ ಹೋದರು, ಇವಳು ಇತ್ತ ಫೋನು ಹಿಡಿದಳು. "ಮಿಸ್ಸಜ್ಜೀ, ಬೇಗ ಬಾ. ನೀನಿಲ್ದೆ ಈ ಕೆಲಸ ಆಗಲ್ಲ." ಉಬ್ಬಿದ ಎದೆ ಅಲ್ಲೇ ಇಳಿಯಿತು.

ಕೆಲಸ ಹೀಗಿತ್ತು. ಹಳೆಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಸಾಲಿಗೆ ಕರೆಂಟು ಕೊಟ್ಟರೆ ಸಾಲಿಗೆ ಸಾಲೇ ಹತ್ತುತ್ತದೆ. ಈ ಪಿಕ್ಸೆಲ್ ಬಲ್ಬುಗಳಲ್ಲಿ ಪ್ರತಿ ಬಲ್ಬಿನ ಹೊಟ್ಟೆಯಲ್ಲೂ ಒಂದು ಚಿಪ್ಪಿದೆ. ಯಾವ ಬಲ್ಬಿಗೆ ಯಾವ ಬಣ್ಣ ಎಂಬುದನ್ನು ಕಂಪ್ಯೂಟರು ಹೇಳುತ್ತದೆ. ನೇರವಾಗಿ ಹೇಳಲಾರದು, ನಡುವೆ ಈ ಕಂಟ್ರೋಲರ್ ಡಬ್ಬಿ ಬೇಕು. ಕಂಪ್ಯೂಟರಿನಿಂದ ಒಂದು ನೆಟ್‌ವರ್ಕ್ ವೈರು ಹೊರಟು ಇನ್ನೊಂದು ಪುಟ್ಟ ಪೆಟ್ಟಿಗೆಗೆ ಬರುತ್ತದೆ. ಅದಕ್ಕೆ ಸ್ವಿಚ್ ಅಂತ ಹೆಸರು; ಹಾಕಿ ಆರಿಸುವ ಸ್ವಿಚ್ಚಲ್ಲ. ಅಲ್ಲಿಂದ ಎಂಟು ವೈರು ಕವಲೊಡೆದು ಎಂಟು ಡಬ್ಬಿಗೆ ಹೋಗುತ್ತವೆ. ಒಂದೊಂದು ಡಬ್ಬಿಯ ಕೈಕೆಳಗೆ ನೂರೈವತ್ತು ಬಲ್ಬು.

"ಪ್ರತಿ ಡಬ್ಬಿಗೂ ಒಂದು ಅಡ್ರೆಸ್ ಇರ್ತದೆ ಅಜ್ಜಿ. ಒಂದೇ ಬೀದಿ, ಮನೆ ನಂಬರ್ ಮಾತ್ರ ಬೇರೆ ಬೇರೆ. ಈಗ ಎಂಟಕ್ಕೂ ಫ್ಯಾಕ್ಟರಿಯವರು ಒಂದೇ ನಂಬರ್ ಕೊಟ್ಟು ಕಳಿಸಿದಾರೆ. ಎಲ್ಲಾ ಒಟ್ಟಿಗೆ ಹಾಕಿದ್ರೆ ಕಾಗದ ಯಾರ ಮನೆಗೆ ಕೊಡ್ಬೇಕು ಅಂತ ಗೊತ್ತಾಗಲ್ಲ."

"ಅಂದ್ರೆ ಒಂದೊಂದಾಗಿ ಕೂರಿಸ್ಕಂಡು ಎಸರು ಇಡಬೇಕು ಅನ್ನು."

"ಅದೇ!"

ಹೆಸರಿಡುವ ಕೆಲಸ ಯಾರಿಗೆ ಹೋಯಿತು? ಮಿಸ್ಸಜ್ಜಿಗೆ. ಪರದೆಯ ಮೇಲಿನದೆಲ್ಲ ಇಂಗ್ಲಿಷ್. ಬೀಗಿತಿ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಒಂದು ಡಬ್ಬಿಯನ್ನು ಮಾತ್ರ ಜೋಡಿಸಿ, ನಂಬರು ಒತ್ತಿ, ನೋಟ್‌ಬುಕ್ಕಿನಲ್ಲಿ ಬರೆದು, ಅದನ್ನು ಬಿಚ್ಚಿ ಇನ್ನೊಂದಕ್ಕೆ ಹೋಗುತ್ತಿದ್ದರು. ನೆಟ್‌ವರ್ಕ್ ವೈರಿನ ತುದಿ ಕಟ್ಟುವ ಕೆಲಸವೂ ಅವರಿಗೇ. ಆ ವೈರು ಸುಲಿದರೆ ಒಳಗೆ ಎಂಟು ಬಣ್ಣದ ಎಳೆಗಳು: ಕಿತ್ತಳೆ ಪಟ್ಟೆ, ಕಿತ್ತಳೆ, ಹಸಿರು ಪಟ್ಟೆ, ನೀಲಿ, ಹೀಗೆ. ಒಂದು ಎಳೆ ಹಿಂದು ಮುಂದಾಗದಂತೆ ಜೋಡಿಸಿ, ಸಮ ಕತ್ತರಿಸಿ, ಪಾರದರ್ಶಕ ಪಿನ್ನಿನೊಳಗೆ ತೂರಿಸಿ ಇಕ್ಕಳದಲ್ಲಿ ಒತ್ತಬೇಕು. ಎಳೆಯ ಬಣ್ಣ ನೋಡಿ ಜೋಡಿಸುವುದು ನನ್ನ ಜನ್ಮದ ಕೆಲಸ. ಆದರೆ ಬಣ್ಣದ ಕ್ರಮ ಇಂಗ್ಲಿಷ್ ಹಾಳೆಯಲ್ಲಿತ್ತು, ಹಾಳೆ ಬೀಗಿತಿಯ ಕೈಯಲ್ಲಿತ್ತು.

ನನ್ನ ಪಾಲಿಗೆ ಬಂದದ್ದು ನೆಲ, ಬಲ್ಬು ಮತ್ತು ಬೆಸುಗೆ.

ನಾನೂ ಸುಮ್ಮನಿರಲಿಲ್ಲ. ಬೀಗಿತಿ ಯಳಂದೂರಿನಿಂದ ಕೊಬ್ಬರಿ ಮಿಠಾಯಿ ತಂದಿದ್ದರು; ನಾನು ಎರಡು ದಿನ ಒಬ್ಬಟ್ಟು ಮಾಡಿದೆ. ಮೊಮ್ಮಗಳು ಎಡಗೈಯಲ್ಲಿ ಮೌಸು ಹಿಡಿದು, ಬಲಗೈಯಲ್ಲಿ ಒಬ್ಬಟ್ಟು, ಮಿಠಾಯಿ ಎರಡನ್ನೂ ಒಟ್ಟಿಗೆ ಸುತ್ತಿಕೊಂಡು ತಿಂದಳು. ಯಾವುದು ರುಚಿ ಅಂತ ಕೇಳಿದರೆ "ಹ್ಞಾಂ?" ಅಂದಳು.

ನಾಲ್ಕನೇ ದಿನ ಮಗ್ಗದ ಕೋಣೆಯ ಕಿಟಕಿಗೆ ಟಾರ್ಪಾಲು ಕಟ್ಟಿ, ಎಂಟು ಡಬ್ಬಿಯನ್ನೂ ಸಾಲಾಗಿಟ್ಟು ಒಟ್ಟಿಗೆ ಹತ್ತಿಸಿದೆವು. ಆರು ಡಬ್ಬಿ ಹೇಳಿದ ಹಾಗೆ ಕೇಳಿದವು. ಎರಡು ಮಾತ್ರ ಜಗಳವಾಡುತ್ತಿದ್ದವು. ಇದು ಹತ್ತಿದರೆ ಅದು ಆರುವುದು, ಅದು ಹತ್ತಿದರೆ ಇದು. ಮೊಮ್ಮಗಳು ನೋಟ್‌ಬುಕ್ಕನ್ನೂ ಪರದೆಯನ್ನೂ ಅರ್ಧ ಗಂಟೆ ನೋಡಿದಳು. ನಾನು ಬಗ್ಗಿ ನೋಡಿದೆ. ಇಂಗ್ಲಿಷ್ ಬರದಿದ್ದರೂ ನಂಬರು ಬರುತ್ತದಲ್ಲ.

"ಮೂರ್ನೇ ಸಾಲಲ್ಲೂ ಇಪ್ಪತ್ಮೂರು, ಏಳ್ನೇ ಸಾಲಲ್ಲೂ ಇಪ್ಪತ್ಮೂರು ಬರ್ದವ್ರಲ್ಲ ಬೀಗ್ರು?"

ಬೀಗಿತಿ ಕನ್ನಡಕ ತೆಗೆದು ಸೀರೆಗೆ ಒರೆಸಿದರು. "ಏಳನೆಯದು ಇಪ್ಪತ್ತೇಳಾಗಬೇಕಿತ್ತು. ಕಣ್ತಪ್ಪಿತು" ಅಂದರು.

"ಪರವಾಗಿಲ್ಲ ಬುಡಿ, ವಯಸ್ಸಾದ್ಮೇಲೆ ಅಂಗೇ" ಅಂದೆ. ನನಗೆ ಅವರಿಗಿಂತ ಎರಡು ವರ್ಷ ಜಾಸ್ತಿ. ಆವತ್ತು ರಾತ್ರಿ ಒಳ್ಳೆಯ ನಿದ್ದೆ ಬಂತು.

ಹಬ್ಬದ ಹಿಂದಿನ ದಿನಕ್ಕೂ ಹಿಂದಿನ ದಿನ ಗೂಡ್ಸ್ ಆಟೋದಲ್ಲಿ ಸಾಮಾನು ಹೇರಿ, ಹನೂರು ದಾಟಿ, ಮಾರ್ಟಳ್ಳಿ ಸೇರಿದೆವು. ಚರ್ಚಿನ ಮುಂದಿನ ಬಯಲಿನಲ್ಲಿ ಬಿದಿರಿನ ಚೌಕಟ್ಟು ನಿಂತಿತು. ಅಡ್ಡಡ್ಡ ಇಪ್ಪತ್ತನಾಲ್ಕು ಸಾಲು, ಸಾಲಿಗೆ ಐವತ್ತು ಬಲ್ಬು. ಮೂರು ಸಾಲಿಗೆ ಒಂದು ಡಬ್ಬಿ, ಎಡಗಡೆ. ಮೂರು ಸಾಲಿನ ಬಲ್ಬುಗಳನ್ನೂ ಒಂದಕ್ಕೊಂದು ಬೆಸೆದು ಒಂದೇ ಸರ ಮಾಡಬೇಕು. ಅದಕ್ಕಾಗಿ ಮೊಮ್ಮಗಳು ಹದಿನಾರು ತುಂಡು ಖಾಲಿ ವೈರು ಕತ್ತರಿಸಿ ನನ್ನ ಕೈಗೆ ಕೊಟ್ಟಿದ್ದಳು.

"ಅಜ್ಜಿ, ಸಾಲು ಮುಗಿದ ಮೇಲೆ ಮುಂದಿನ ಸಾಲಿಗೆ ಈ ವೈರ್ ಹಾಕು" ಅಂದಿದ್ದಳು, ಅಷ್ಟೇ. ಅಷ್ಟರಲ್ಲಿ ಮಿಸ್ಸಜ್ಜಿ ಕರೆದರು, ಓಡಿದಳು.

ನಾನು ಮೊದಲ ಸಾಲನ್ನು ಎಡದಿಂದ ಬಲಕ್ಕೆ ಕಟ್ಟಿದೆ. ಬಲ ಅಂಚಿಗೆ ಬಂದ ಮೇಲೆ ಎರಡನೇ ಸಾಲನ್ನು ಅಲ್ಲಿಂದಲೇ ಎಡಕ್ಕೆ ತಿರುಗಿಸಿದೆ. ಮತ್ತೆ ಎಡದಿಂದ ಬಲಕ್ಕೆ ಮೂರನೆಯದು. ಮಗ್ಗದಲ್ಲಿ ಲಾಳಿ ಹೋಗುವ ದಾರಿಯೇ ಅದು. ಹೋದ ಲಾಳಿ ಬರುವಾಗಲೂ ಎಳೆ ಹಾಕಿಕೊಂಡೇ ಬರುತ್ತದೆ. ಬರಿಗೈಯಲ್ಲಿ ಅದನ್ನು ವಾಪಸು ತರುವ ನೇಕಾರಳು ಎಲ್ಲಾದರೂ ಇದ್ದಾಳೆಯೇ? ಹದಿನಾರು ತುಂಡು ವೈರೂ ಮಿಕ್ಕಿತು. ಮಡಿಸಿ ಚೀಲದಲ್ಲಿಟ್ಟೆ. ಕೆಲಸ ಎಲ್ಲ ಮುಗಿದ ಮೇಲೆ ತೆಗೆದು ತೋರಿಸಿ ಬೀಗಿತಿಯ ಎದುರಿಗೇ ಶಾಭಾಷ್ ಅನ್ನಿಸಿಕೊಳ್ಳಬೇಕೆಂದು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಿಸಿದಾಗ ಸರದ ಕೊನೆಯ ಬಲ್ಬುಗಳು ಬಿಳಿ ಬರಬೇಕಾದಲ್ಲಿ ಕೆಂಪಾಗಿ ಉರಿದವು. ಕರೆಂಟು ಬಾಲದವರೆಗೆ ಹೋಗುವಷ್ಟರಲ್ಲಿ ಸೊರಗುತ್ತಿತ್ತು. ಇದು ನನ್ನ ವಿದ್ಯೆ. ಸರದ ನಡುವೆಯೂ ಕೊನೆಯಲ್ಲೂ ಪವರ್ ಸಪ್ಲೈಯಿಂದ ಇನ್ನೊಂದು ಜೊತೆ ದಪ್ಪ ವೈರು ಕೊಟ್ಟೆ. ಹಾಲಿನಂಥ ಬಿಳುಪು ಬಂತು. "ನನ್ನಜ್ಜಿ!" ಅಂತ ಕೂಸು ಕೆನ್ನೆ ಹಿಂಡಿದಳು. ಬೀಗಿತಿ ಆ ಕಡೆ ನೋಡುತ್ತಿದ್ದರೋ ಇಲ್ಲವೋ ಅಂತ ನಾನು ತಿರುಗಿ ನೋಡಿದೆ. ನೋಡುತ್ತಿದ್ದರು. ಇನ್ನೂ ಖುಷಿಯಾಯಿತು.

ಹನ್ನೊಂದು ಗಂಟೆಗೆ ಎಂಟು ಡಬ್ಬಿಯೂ ಒಮ್ಮೆಲೇ ಮಾಯವಾದವು. ಕಂಪ್ಯೂಟರಿಗೆ ಒಂದೂ ಕಾಣುತ್ತಿಲ್ಲ. ಹಾಡು ಇಳಿಸಿಕೊಳ್ಳಲೆಂದು ಮೊಮ್ಮಗಳು ಅದನ್ನು ಮೊಬೈಲಿನ ಇಂಟರ್‌ನೆಟ್ಟಿಗೆ ಜೋಡಿಸಿದ್ದಳು. ಅದು ವೈರಿನ ದಾರಿ ಬಿಟ್ಟು ಗಾಳಿಯ ದಾರಿಯಲ್ಲಿ ಡಬ್ಬಿ ಹುಡುಕುತ್ತಿತ್ತು. ವೈಫೈ ಆರಿಸಿದ ಮೇಲೆ ಎಂಟೂ ಬಂದವು. ನಕ್ಷತ್ರ ಹಾಕಿದಳು. ಐದು ಮೂಲೆಯ ಹೊನ್ನಿನ ನಕ್ಷತ್ರ ಚೌಕಟ್ಟಿನ ನಡುವೆ ತುಂಬಿ ನಿಂತಿತು. ಕಮಿಟಿಯ ಹಿರಿಯರು ಕೈ ಮುಗಿದರು. ಮೊಮ್ಮಗಳು ಕುಣಿದಳು. ನಾನೂ ಕುಣಿದೆ, ಮಂಡಿ ನೋವಿನಲ್ಲೇ.

ಊಟವಾದ ಮೇಲೆ ಒಂಟೆ ಹಾಕಿದಳು.

ಒಂಟೆ ಹರಿದುಹೋಗಿತ್ತು. ಬೆನ್ನು ಒಂದು ಕಡೆ, ಅದರ ನಡುವಿನ ಗೆರೆ ಇನ್ನೊಂದು ಕಡೆ. ಕತ್ತು ಬಲಗಡೆ ಇದ್ದರೆ ಕತ್ತಿನ ಒಂದು ಚೂರು ಎಡಗಡೆ. ರಾಜರ ಮುಖ ನುಚ್ಚುನೂರು. ಮೂರು ಸಲ ಹಾಕಿದಳು, ಮೂರು ಸಲವೂ ಹಾಗೆಯೇ. ಕಮಿಟಿಯ ಹಿರಿಯರು ತಲೆ ಕೆರೆದುಕೊಂಡು, "ಇದು ಒಂಟೆನಾ ಪಾಪಾ?" ಅಂದರು. ಅವಳ ಮುಖ ಸಣ್ಣಗಾಯಿತು.

"ಸಾಯಂಕಾಲ ಆರೂವರೆಗೆ ಗಂಟೆ ಹೊಡೀತಾರೆ ಅಜ್ಜಿ. ನಾನು ಮಾತು ಕೊಟ್ಟುಬಿಟ್ಟಿದೀನಿ. ಆಗ್ಲಿಲ್ಲ ಅಂದ್ರೆ ಇನ್ಮೇಲೆ ಈ ಕೆಲಸಕ್ಕೆ ಕೈ ಹಾಕಲ್ಲ" ಅಂದಳು. ಆಗ ಎರಡು ಗಂಟೆ.

ಅವಳು ತಲೆ ಹಿಡಿದುಕೊಂಡು ಯೋಚಿಸಿ ಹೇಳಿದಳು: "ನಿಂತಿರೋ ನಕ್ಷತ್ರ ಸರಿ ಬರ್ತದೆ, ನಡೆಯೋ ಒಂಟೆ ಒಡೀತದೆ. ಅಂದ್ರೆ ವೈರಿನ ದಾರೀಲಿ ಏನೋ ಕಳೆದುಹೋಗ್ತಿದೆ. ತುದಿಗಳು ಸರಿಯಾಗಿ ಒತ್ತಿಲ್ಲ. ಅಜ್ಜಿ ಕಟ್ಟಿದ್ದು ಯಾವತ್ತೂ ತಪ್ಪಾಗಲ್ಲ. ಮಿಸ್ಸಜ್ಜಿ ವೈರೇ ಇರ್ಬೇಕು."

ಅಜ್ಜಿ ಕಟ್ಟಿದ್ದು ಯಾವತ್ತೂ ತಪ್ಪಾಗಲ್ಲ. ಈ ಮಾತಿಗೆ ನಾನು ಅವಳು ಹುಟ್ಟಿದಾಗಿನಿಂದ ಕಾದಿದ್ದೆ.

ಬೀಗಿತಿ ಜಗಲಿಯ ಮೇಲೆ ಇಕ್ಕಳ, ಬ್ಲೇಡು, ಪಿನ್ನಿನ ಡಬ್ಬ ಇಟ್ಟುಕೊಂಡು ಕೂತರು. ಎಂಟು ವೈರು, ಹದಿನಾರು ತುದಿ. ಹಳೆಯ ಪಿನ್ನು ಕತ್ತರಿಸಿ, ಮತ್ತೆ ಸುಲಿದು, ಎಂಟು ಎಳೆ ಬಿಡಿಸಿ, ಬಣ್ಣ ಜೋಡಿಸಿ ಒತ್ತಲು ಶುರುಮಾಡಿದರು. ನಾನು ಚೌಕಟ್ಟಿನ ಮುಂದೆ ಕಾಲು ಚಾಚಿ, ಎಲೆ ಅಡಿಕೆ ಹಾಕಿಕೊಂಡು, ಹರಿದ ಒಂಟೆಗಳನ್ನು ನೋಡುತ್ತ ಕೂತೆ. ಮೊಮ್ಮಗಳು ಒಂದೊಂದು ವೈರು ಬದಲಾಯಿಸಿದಾಗಲೂ ಒಂಟೆ ಓಡಿಸುತ್ತಿದ್ದಳು.

ಮೂರನೇ ವೈರು ಹಾಕಿದಾಗ ನನ್ನ ಕಣ್ಣಿಗೆ ಅದು ಬಿತ್ತು. ಒಂಟೆಗಳು ಎಡದಿಂದ ಬಲಕ್ಕೆ ನಡೆಯುತ್ತಿದ್ದವು. ಆದರೆ ಪ್ರತಿ ಮೂರು ಸಾಲಿನಲ್ಲಿ ನಡುವಿನ ಸಾಲು ಮಾತ್ರ ಬಲದಿಂದ ಎಡಕ್ಕೆ ನಡೆಯುತ್ತಿತ್ತು. ಏನೂ ಕಳೆದುಹೋಗಿರಲಿಲ್ಲ. ಎಲ್ಲ ಇತ್ತು, ತಿರುಗಿಕೊಂಡಿತ್ತು.

ಎಲೆ ಅಡಿಕೆ ಬಾಯಲ್ಲೇ ನಿಂತಿತು. ಸೀರೆಯಲ್ಲಿ ದುಂಡು ಹೂವಿನ ಬುಟ್ಟಾ ನೇಯುವಾಗ ಒಂದು ಎಳೆಯಲ್ಲಿ ಎಡ ಬಲ ಅದಲುಬದಲಾದರೂ ಗೊತ್ತಾಗುವುದಿಲ್ಲ, ಎರಡು ಬದಿಯೂ ಒಂದೇ ಅಲ್ಲವೇ. ನವಿಲು ನೇಯುವಾಗ ಗೊತ್ತಾಗುತ್ತದೆ, ಕೊಕ್ಕು ಬಾಲದ ಕಡೆ ಹೋಗಿಬಿಡುತ್ತದೆ. ನಕ್ಷತ್ರ ದುಂಡು ಹೂವು. ಒಂಟೆ ನವಿಲು. ಕಂಪ್ಯೂಟರು ಪ್ರತಿ ಸಾಲನ್ನೂ ಎಡದಿಂದ ಎಣಿಸುತ್ತಿದೆ, ನಾನು ನಡುವಿನ ಸಾಲನ್ನು ಬಲದಿಂದ ಕಟ್ಟಿದ್ದೇನೆ. ಆ ಹದಿನಾರು ಖಾಲಿ ವೈರು ಬಲ ಅಂಚಿನಿಂದ ಎಡಕ್ಕೆ ವಾಪಸು ಬರಲು ಕೊಟ್ಟದ್ದು. ನನ್ನ ಚೀಲದಲ್ಲಿ ಮಡಿಸಿಟ್ಟದ್ದು.

ಆಗಲೇ ಎದ್ದು ಹೇಳಬೇಕಿತ್ತು. ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈಗಲೂ ಸ್ಪಷ್ಟವಾಗಿ ಗೊತ್ತು. ಹೇಳಿದರೆ ಆ ಮಾತು ಹೋಗಿಬಿಡುತ್ತದೆ. ಇಷ್ಟು ವರ್ಷಕ್ಕೆ ಸಿಕ್ಕಿದ ಮಾತು, ಸಿಕ್ಕಿ ಎರಡು ತಾಸೂ ಆಗಿರಲಿಲ್ಲ. ಅತ್ತ ಬೀಗಿತಿ ನಾಲ್ಕನೇ ವೈರು ಮುಗಿಸಿದರು. ಐದನೆಯದಕ್ಕೆ ಬ್ಲೇಡು ಹೆಬ್ಬೆರಳಿಗೆ ತಾಗಿತು. ಬೆರಳನ್ನು ಬಾಯಿಗಿಟ್ಟು ಚೀಪಿ, ಸೆರಗಿನ ಚೂರು ಸುತ್ತಿಕೊಂಡು ಮತ್ತೆ ಎಳೆ ಬಿಡಿಸತೊಡಗಿದರು. ಆಗಲೂ ನಾನು ಕೂತೇ ಇದ್ದೆ. ಆರನೇ ವೈರು ಮುಗಿದಾಗ ಮೊಮ್ಮಗಳು ಒಂಟೆ ಓಡಿಸಿದಳು, ಅದು ಹಾಗೆಯೇ ಬಂತು. ಅವಳು ಲ್ಯಾಪ್‌ಟಾಪಿನ ಮೇಲೆ ಹಣೆಯಿಟ್ಟುಕೊಂಡಳು. ಭುಜ ಅಲುಗಿತು. ಅಳುತ್ತಿದ್ದಳು.

ನನ್ನ ಮಾತು ಉಳಿಸಿಕೊಂಡು ಅವಳ ಮಾತು ಕಳೆಯಲು ಕೂತಿದ್ದೇನಲ್ಲ ಅನ್ನಿಸಿತು. ಎದ್ದೆ.

"ಕೂಸೇ, ಆ ವೈರು ಬುಡು. ಬೀಗ್ರುದೇನೂ ತೆಪ್ಪಿಲ್ಲ. ನಂದೇ ತೆಪ್ಪು. ಲಾಳಿ ಒಡ್ದಂಗೆ ಕಟ್ಬುಟ್ಟಿವ್ನಿ."

ಚೀಲದಿಂದ ಹದಿನಾರು ತುಂಡನ್ನೂ ತೆಗೆದು ಅವಳ ಮುಂದೆ ಹಾಕಿದೆ. ಬೆರಳಿನಲ್ಲಿ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದೆ, ಹೀಗೆ ಹೋಗಿ, ಹೀಗೆ ಬಂದು, ಹೀಗೆ ಹೋಗಿ. ಅವಳು ಕಣ್ಣೊರೆಸಿಕೊಂಡು ವೈರು ನೋಡಿದಳು, ನನ್ನನ್ನು ನೋಡಿದಳು, ಒಂಟೆ ನೋಡಿದಳು.

"ಈಗ ಬಿಚ್ಚಿ ಕಟ್ಟೋಕೆ ಒತ್ತಾಯ್ತದೆ, ಆದ್ರೂ ಮೇಲಿಂದ ಶುರುಮಾಡ್ಲಾ?" ಅಂತ ಕೇಳಿದೆ.

"ಮುಟ್ಬೇಡ ಅಜ್ಜಿ! ಏನೂ ಮುಟ್ಬೇಡ!" ಅಂತ ಕಿರುಚಿ ಪರದೆಗೆ ಬಾಗಿದಳು. ಸಾಲು ತಿರುಗಿ ಬರುತ್ತದೆಯೋ ಇಲ್ಲವೋ ಎಂದು ಕೇಳುವ ಒಂದು ಪುಟ್ಟ ಚೌಕ ಅದರಲ್ಲೇ ಇತ್ತಂತೆ. ಮೂರು ಮೂರು ಸಾಲಿನಲ್ಲಿ ನಡುವಿನದು ಮಾತ್ರ ಎಂದು ಹೇಳಿ ಅದರೊಳಗೆ ಒಂದು ಟಿಕ್ಕು ಹಾಕಿದಳು. ಎಂಟು ಡಬ್ಬಿಗೂ ಹೊಸ ಲೆಕ್ಕ ವೈರಿನಲ್ಲಿ ಹೋಯಿತು.

ಒಂಟೆ ನಡೆಯಿತು. ಅಯ್ಯಯ್ಯೋ, ಎಂಥ ಒಂಟೆ! ಕಾಲು ಎತ್ತಿ, ಕತ್ತು ಆಡಿಸಿ, ಒಂದರ ಹಿಂದೆ ಒಂದು, ಮೂರು ರಾಜರನ್ನೂ ಹೊತ್ತುಕೊಂಡು.

ಮೊಮ್ಮಗಳು ಹಿರಿಯರನ್ನು ಕರೆಯಲು ಚರ್ಚಿನೊಳಗೆ ಓಡಿದಳು. ಜಗಲಿಯಲ್ಲಿ ನಾವಿಬ್ಬರೇ ಉಳಿದೆವು. ಬೀಗಿತಿ ಇಕ್ಕಳವನ್ನು ನಿಧಾನವಾಗಿ ಡಬ್ಬಕ್ಕೆ ಹಾಕಿದರು.

"ಬೀಗರೇ, ಇದು ನಿಮಗೆ ಯಾವಾಗ ಗೊತ್ತಾಯಿತು?"

ಈಗಲೇ ಅನ್ನಬಹುದಿತ್ತು. ಆದರೆ ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಕಿವಿ ಅದು.

"ನೀವು ಮೂರ್ನೇ ವೈರು ಮುಗ್ಸಿದಾಗ" ಅಂದೆ.

ಅವರು ಸೆರಗು ಸುತ್ತಿದ ಹೆಬ್ಬೆರಳನ್ನು ನೋಡಿಕೊಂಡರು. ಪಿನ್ನಿನ ಡಬ್ಬದ ಮುಚ್ಚಳ ಹಾಕಿದರು. ಬೈದಿದ್ದರೆ ಸಲೀಸಾಗುತ್ತಿತ್ತು.

ಆರೂವರೆಗೆ ಗಂಟೆ ಹೊಡೆಯಿತು. ಬಯಲು ತುಂಬ ಜನ. ಹೂಗ್ಯಂ ಹಳ್ಳಿಯ ಕಡೆಯಿಂದಲೂ ಬಂದಿದ್ದರು. ಹಾಡು ಶುರುವಾಗುತ್ತಿದ್ದಂತೆ ನಕ್ಷತ್ರ ಮೂಡಿತು, ಅದರ ಹಿಂದೆ ಒಂಟೆ ಬಂದವು. ಮಕ್ಕಳು ಒಂಟೆಯ ಜೊತೆ ಜೊತೆಗೇ ಬಯಲಿನ ಈ ತುದಿಯಿಂದ ಆ ತುದಿಗೆ ಓಡಿದರು. ಹಿರಿಯರು ಮೈಕಿನಲ್ಲಿ "ನಮ್ಮ ಲೈಟು ಪಾಪಾ" ಅಂತ ಅವಳನ್ನು ಕರೆದು ಶಾಲು ಹೊದಿಸಿ, ಬರುವ ವರ್ಷಕ್ಕೂ ಅವಳೇ ಎಂದು ಎಲ್ಲರ ಎದುರಿಗೆ ಹೇಳಿಬಿಟ್ಟರು. ನನ್ನ ಕಣ್ಣಲ್ಲಿ ನೀರು ನಿಲ್ಲಲೇ ಇಲ್ಲ. ನಾನು ಕಟ್ಟಿದ ದೀಪ ನನಗೇ ಮಂಜುಮಂಜಾಗಿ ಕಂಡಿತು.

ಶಾಲು ಹೊದ್ದುಕೊಂಡೇ ಅವಳು ನಮ್ಮಿಬ್ಬರ ನಡುವೆ ಬಂದು ಕೂತಳು. "ಅಜ್ಜಿ, ನನಗೇ ಹೊಳೀಲಿಲ್ಲ. ನಿನಗೆ ಹೆಂಗೆ ಹೊಳೀತು? ಎಷ್ಟೊತ್ತಿಗೆ ಹೊಳೀತು?"

ನನಗಿಂತ ಮೊದಲೇ ಬೀಗಿತಿ ಹೇಳಿದರು: "ಹೊಳೆದ ತಕ್ಷಣ ಎದ್ದು ಬಂದು ಹೇಳಿಬಿಟ್ಟರಲ್ಲಮ್ಮ ನಿಮ್ಮಜ್ಜಿ. ನೇಕಾರರ ಕಣ್ಣು ಅಂದರೆ ಹಾಗೆ."

ಮೊಮ್ಮಗಳು ನನ್ನ ಕೊರಳಿಗೆ ಜೋತುಬಿದ್ದಳು. ಅವಳ ತಲೆಯ ಮೇಲಿಂದ ನಾನು ಬೀಗಿತಿಯನ್ನು ನೋಡಿದೆ. ಅವರು ಒಂಟೆ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಮುಂದೆ ಹೋದರು, ಸಹಿಸಿದೆ. ಕುರ್ಚಿಯಲ್ಲಿ ಕೂತರು, ಸಹಿಸಿದೆ. ಈಗ ದೊಡ್ಡ ಮನಸ್ಸಿನಲ್ಲೂ ನನ್ನನ್ನು ಹಿಂದೆ ಹಾಕಿ ಹೋದರಲ್ಲ, ಇದನ್ನು ಹೇಗೆ ಸಹಿಸುವುದು?

ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ಅಂಗಡಿಯ ಹಳೆಯ ನೋಟ್‌ಬುಕ್ಕು ತೆಗೆದು, ಅಕ್ಷರ ಕೂಡಿಸಿ ಕೂಡಿಸಿ, ಇದನ್ನು ಬರೆಯಲು ಕೂತೆ. ಬರೆದದ್ದನ್ನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಕೊಡುವವಳು ನನ್ನ ಮೊಮ್ಮಗಳೇ. ಅವಳ ಬೆರಳು ಈ ಸಾಲಿನವರೆಗೆ ಬಂದಿರುತ್ತದೆ ಈಗ. ಮಗಾ, ಮೂರನೇ ವೈರಿನಿಂದ ಆರನೆಯದು ಮುಗಿಯುವವರೆಗೆ ನಾನು ಗೊತ್ತಿದ್ದೂ ಸುಮ್ಮನೆ ಕೂತಿದ್ದೆ. ನಿನ್ನ ಮಿಸ್ಸಜ್ಜಿ ಇದನ್ನು ನಿನಗೆ ಯಾವತ್ತೂ ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ಇದೊಂದರಲ್ಲಾದರೂ ನಾನು ಆಕೆಗಿಂತ ಮುಂದೆ ಇರಬೇಕು.